ಏಳರಲ್ಲಿ ಎರಡು

"ಇನ್ನೊಂದು ಗೇಣು," ಎಂದ ಅಣ್ಣ. ತಂಗಿ ಬಿಳಿ ಕೈಗವಸು ತೊಟ್ಟ ಅಂಗೈಗಳನ್ನು ಕಾರಿನ ಬೆನ್ನಿಗೆ ಕೊಟ್ಟು ಅವನ ಜೊತೆ ಮೆಲ್ಲಗೆ ದೂಡಿದಳು. ಕಾರು ಒಂದು ಗೇಣು ಸರಿದು ನಿಂತಿತು. ಆ ವಾರದ ಅದರ ಪ್ರಯಾಣ ಅಲ್ಲಿಗೆ ಮುಗಿಯಿತು. ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆಂದು ಅಣ್ಣ ಒಂದು ಭಾನುವಾರ ಅದನ್ನು ಗೇಣು ಮುಂದೆ ದೂಡುತ್ತಿದ್ದ, ಮುಂದಿನ ಭಾನುವಾರ ಗೇಣು ಹಿಂದೆ. ಆಳುಗಳನ್ನು ಹತ್ತಿರ ಬಿಟ್ಟುಕೊಳ್ಳುವ ಮಾತೇ ಇಲ್ಲ, ಉಗುರು ತಾಗೀತು. ಒಡಹುಟ್ಟಿದವಳ ಉಗುರನ್ನಾದರೆ ನಂಬಬಹುದು, ಅದೂ ಗವಸು ಹಾಕಿಸಿ.

ಇಡೀ ಜಗತ್ತಿನಲ್ಲಿ ಈ ಕಾರನ್ನು ಮಾಡಿದ್ದೇ ಏಳು. ಒಂದು ಇಲ್ಲಿ, ಅಣ್ಣನ ಗಾಜಿನ ಕೋಣೆಯಲ್ಲಿ. ಇನ್ನೊಂದು ತಂಗಿಯ ಗಂಡನದು. ಬೆಳಿಗ್ಗೆ ಅವಳನ್ನು ಇಲ್ಲಿಳಿಸಿ ಹೋದ ಆ ಕಾರು ಈ ಹೊತ್ತಿನಲ್ಲಿ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಧೂಳೆಬ್ಬಿಸುತ್ತಿತ್ತು. ಮಿಕ್ಕ ಐದರ ಸಮಾಚಾರ ಗೋಡೆಯ ಕಪಾಟು ನೋಡಿದರೆ ತಿಳಿಯುತ್ತಿತ್ತು. ಅಣ್ಣ ಅಲ್ಲಿ ಅದೇ ಬಣ್ಣದ ಏಳು ಆಟಿಕೆ ಕಾರುಗಳನ್ನು ಸಾಲಾಗಿ ಇಟ್ಟಿದ್ದ. ಎಲ್ಲೋ ಒಂದು ನಿಜವಾದ ಕಾರು ಜಜ್ಜಿಹೋದ ಸುದ್ದಿ ಬಂದರೆ ಇಲ್ಲೊಂದು ಆಟಿಕೆಯನ್ನು ಅಂಗಾತ ಮಲಗಿಸುತ್ತಿದ್ದ. ಐದು ಮಲಗಿದ್ದವು, ಎರಡು ನಿಂತಿದ್ದವು. ಒಂದೊಂದು ಹೋದ ಹಾಗೆಲ್ಲ ಉಳಿದವುಗಳ ಬೆಲೆಯೂ ಗತ್ತೂ ಏರುತ್ತದೆಂದು ತಂಗಿಗೂ ಗೊತ್ತಿತ್ತು. ಆದರೆ ಅಣ್ಣ ಅಣ್ಣನೇ. ಆ ಲೆಕ್ಕವನ್ನು ಅವಳು ಎಂದೂ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ.

"ಅಣ್ಣಾ, ನೀನಾದ್ರೂ ಅವರಿಗೆ ಒಂದು ಮಾತು ಹೇಳು," ಎಂದಳು. "ಹೋದ ವಾರ ಗಾಡಿ ಜಾರಿ ಗಿರ್ರಂತ ಸುತ್ತಿತಂತೆ. ಮನೆಗೆ ಬಂದು ನಗ್ತಾ ಹೇಳ್ತಾರೆ. ನನಗೆ ಗಂಟಲಲ್ಲಿ ಅನ್ನ ಇಳಿಯಲ್ಲ. ನೀನು ಹೇಳಿದ್ರೆ ಕೇಳ್ತಾರೆ."

"ಏನಂತ ಹೇಳ್ಲಮ್ಮ? ಓಡೋಕೆ ಅಂತಾನೇ ಮಾಡಿರೋ ಗಾಡಿ. ಭಾವನಂಥ ಕೈ ಇದ್ದವರು ಓಡಿಸ್ಲೇಬೇಕು. ನಿನ್ನೆ ಫೋನಲ್ಲೂ ಅದನ್ನೇ ಹೇಳ್ದೆ. ಆ ಕೊನೇ ತಿರುವಲ್ಲಿ ಬ್ರೇಕ್ ಮುಟ್ಟೋರು ಅಂಜುಬುರುಕರು, ನೀವು ಮುಟ್ಟಬೇಡಿ ಭಾವ ಅಂತ."

"ಮತ್ತೆ ನೀನ್ಯಾಕೆ ಓಡಿಸಲ್ಲ?"

"ನಾನು ಅಂಜುಬುರುಕ ತಾನೇ!" ಎಂದು ಅಣ್ಣ ಮನಸಾರೆ ನಕ್ಕ.

ಅವಳೂ ನಕ್ಕಳು. ಕಂಡವರೆಲ್ಲ ಅವಳ ಗಂಡನನ್ನು ಬೈಯುವವರೇ. ಉಣ್ಣಲು ತಿನ್ನಲು ಹೆಚ್ಚಾದವರ ಕೊಬ್ಬು, ಇಂಥ ಅಪರೂಪದ್ದನ್ನು ಗೋಳುಹೊಯ್ದುಕೊಳ್ಳುತ್ತಾನೆ ಎನ್ನುವವರೇ. ಅವನ ಪರವಾಗಿ ಮಾತಾಡುತ್ತಿದ್ದವನು ಅಣ್ಣನೊಬ್ಬ. ಭಯದ ನಡುವೆಯೂ ಅವಳಿಗೆ ಅದೊಂದು ಹೆಮ್ಮೆ.

ಫೋನ್ ಬಂತು. ಗಂಡನ ಮೆಕ್ಯಾನಿಕ್. ಗವಸಿನ ಬೆರಳಿಗೆ ಫೋನ್ ಬಗ್ಗಲಿಲ್ಲ. ಒಂದು ಗವಸನ್ನು ಹಲ್ಲಿನಿಂದ ಎಳೆದು ಬಿಸಾಡಿ ಒತ್ತಿದಳು. ಅಣ್ಣನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅಕ್ಕಾ, ಗಾಬರಿ ಆಗ್ಬೇಡಿ. ಕೊನೇ ತಿರುವಲ್ಲಿ ಗಾಡಿ ಹೋಗಿ ಗೋಡೆಗೆ..." ಅಷ್ಟಕ್ಕೆ ದನಿ ಕಡಿಯಿತು.

ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. "ಹಲೋ? ಹಲೋ?" ಎಂದು ಕೂಗುತ್ತಲೇ ಇದ್ದಳು. ಹಿಂದೆ ಅಣ್ಣನ ಹೆಜ್ಜೆ ಸದ್ದು ಕೇಳಿಸಿತು. ನೀರು ತರಲು ಹೋದನೇನೋ ಅಂದುಕೊಂಡಳು.

"ಕೇಳಿಸ್ತಿದೆಯಾ ಅಕ್ಕಾ? ಗೋಡೆಗೆ ಉಜ್ಜಿಕೊಂಡು ನಿಂತ್ಕೊಳ್ತು. ಸ್ಟಿಯರಿಂಗ್ ತಿರುಗಿದ ಏಟಿಗೆ ಯಜಮಾನ್ರ ಮಣಿಕಟ್ಟು ಮುರಿದಿರೋ ಹಾಗಿದೆ. ಬೇರೇನಿಲ್ಲ, ಚೆನ್ನಾಗಿ ಮಾತಾಡ್ತಿದಾರೆ. ಆಸ್ಪತ್ರೆಗೆ ಹೊರಟ್ವಿ, ನೀವು ಅಲ್ಲಿಗೇ ಬಂದ್ಬಿಡಿ."

ಹೋದ ಜೀವ ಬಂದಂತಾಗಿ ಅವಳು ಕಣ್ಣು ತೆರೆದಳು.

"ಗಾಡಿ?" ಅಣ್ಣ ಕೇಳಿದ.

"ಒಂದು ಕಡೆ ಬಣ್ಣ ಹೋಗಿದೆ ಸಾರ್, ಅಷ್ಟೇ. ಇನ್ನೊಂದು ವಾರಕ್ಕೆ ಮತ್ತೆ ಓಡುತ್ತೆ."

"ಓ," ಎಂದ ಅಣ್ಣ. ಸದ್ಯ, ದೇವರು ದೊಡ್ಡವನು ಎಂದೂ ಸೇರಿಸಿದ. ಆದರೆ ಮುಂದೆ ಬಡಿಸಿದ ತಟ್ಟೆಯನ್ನು ಯಾರೋ ಎತ್ತಿಕೊಂಡು ಹೋದಂತೆ ಅವನ ಮುಖ ಸಪ್ಪಗಾಗಿತ್ತು.

ಅಣ್ಣ ನಿಂತಿದ್ದು ಕಪಾಟಿನ ಪಕ್ಕದಲ್ಲಿ. ಅವನ ಕೈಯಲ್ಲಿ ನೀರಿನ ಲೋಟವಿರಲಿಲ್ಲ. ಕಪಾಟಿನಲ್ಲಿ ಆರು ಆಟಿಕೆ ಕಾರುಗಳು ಅಂಗಾತ ಮಲಗಿದ್ದವು.

ದನಿ ಕಡಿದು ಮತ್ತೆ ಬರುವುದರೊಳಗೆ, ಗಂಡ ಇದ್ದಾನೋ ಇಲ್ಲವೋ ಎಂದು ತಿಳಿಯುವ ಮೊದಲೇ! ಅವಳಿಗೆ ಬಂದದ್ದು ಸಿಟ್ಟಲ್ಲ, ಅಸಹ್ಯ.

"ಅದು... ಗಾಬರೀಲಿ ಕೈ ತಾಗಿ ಬಿತ್ತಮ್ಮ," ಎಂದ ಅಣ್ಣ. "ಇರು, ಟ್ಯಾಕ್ಸಿ ಕರೀತೀನಿ."

ಅವಳು ಕಪಾಟಿನ ಬಳಿ ಹೋಗಿ ಆರನೆಯದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಅದರ ಪಕ್ಕದಲ್ಲಿದ್ದ ಏಳನೆಯದನ್ನು ಒಂದೇ ಬೆರಳಿನಿಂದ ನಿಧಾನವಾಗಿ ಅಂಗಾತ ಮಲಗಿಸಿದಳು. ಆಮೇಲೆ ಇನ್ನೊಂದು ಗವಸನ್ನೂ ಕಳಚಿ, ಬರಿಗೈಯನ್ನು ಅಣ್ಣನ ಮುಂದೆ ಚಾಚಿದಳು.

"ಕೀ ಕೊಡು."