ಇಳಿಸು ಹೊರೆಯ

ಪಂಚಾಯ್ತಿಯ ನೀಲಗಿರಿ ತೋಪಿಗೆ ಒಬ್ಬನೇ ಕಾವಲುಗಾರ. ಆ ಮರಗಳಲ್ಲಿ ಹಕ್ಕಿ ಕೂಡ ಗೂಡು ಕಟ್ಟುವುದಿಲ್ಲ. ಇಡೀ ದಿನ ಅವನ ಕಿವಿಗೆ ಬೀಳುತ್ತಿದ್ದುದು ತರಗೆಲೆಯ ಸದ್ದು, ಇಳಿಹೊತ್ತಿನಲ್ಲಿ ಸೌದೆಗೆ ಬರುವ ಊರಿನ ಪುಟ್ಟನಂಜಿಯ ಹೆಜ್ಜೆ, ಅಷ್ಟೇ.

ಅವಳು ಉದುರಿದ ಪುರಲೆ ಸೌದೆ ಆಯ್ದು ಹೊತ್ತು ಹೊರಟರೆ ಅವನು ಕೋಲು ಅಡ್ಡ ಹಿಡಿಯುತ್ತಿದ್ದ.

“ಇಳಿಸು ಹೊರೆಯ. ಇದು ಪಂಚಾಯ್ತಿ ಸೊತ್ತು ಅಂತ ಗೊತ್ತಿಲ್ವಾ?”

“ತಪ್ಪಾಯ್ತು ಕಣಣ್ಣ.”

ಆಮೇಲೆ ವಿಚಾರಣೆ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ದಿನವೂ ಕೇಳುತ್ತಿದ್ದ. ನಾನೊಬ್ಬಳೇ ಎಂದು ದಿನವೂ ಹೇಳುತ್ತಿದ್ದಳು. ಇವತ್ತು ಏನು ಸಾರು, ಮಂಡಿನೋವು ಹೇಗಿದೆ, ಎಲ್ಲಕ್ಕೂ ಅವಳದು ನಿಧಾನವಾದ ಉತ್ತರ. ಕತ್ತಲಾಗುವ ಹೊತ್ತಿಗೆ ಅವನೇ ಹೊರೆ ಎತ್ತಿ ಅವಳ ತಲೆಗಿಡುತ್ತಿದ್ದ.

“ಇದೇ ಕೊನೆ. ನಾಳೆ ಬಂದ್ರೆ ದಂಡ ಹಾಕಿಸ್ತೀನಿ.”

ಮರುದಿನ ಅವಳು ಬರುತ್ತಿದ್ದಳು.

ಒಂದು ಸಂಜೆ ಪಂಚಾಯ್ತಿ ಅಧ್ಯಕ್ಷೆ ತೋಪು ನೋಡಲು ಬಂದರು. ಮರಗಳ ಹರಾಜು ಮುಗಿದು, ಮುಂದಿನ ವಾರ ಕಡಿತ ಶುರುವಾಗುವುದಿತ್ತು. ನಡೆಯುತ್ತಿದ್ದ ವಿಚಾರಣೆ ಕಂಡು ಅವರಿಗೆ ಸಿಟ್ಟು ಬಂತು.

“ಉದುರಿದ ಸೌದೆ ಯಾರು ಬೇಕಾದ್ರೂ ಹೊತ್ಕೊಂಡು ಹೋಗ್ಲಿ ಅಂತ ಹೋದ ವರ್ಷವೇ ಸಭೇಲಿ ತೀರ್ಮಾನ ಆಯ್ತು. ನಾನೇ ಬಂದು ನಿನಗೆ ಹೇಳಿರ್ಲಿಲ್ವೇನಯ್ಯ? ಪಾಪ, ಈ ಹೆಂಗಸನ್ನ ಯಾಕೆ ಗೋಳು ಹುಯ್ಕೊತೀಯ?”

ಕಾವಲುಗಾರ ತಲೆ ತಗ್ಗಿಸಿ ನಿಂತ.

ಪುಟ್ಟನಂಜಿ ಹೊರೆಯ ಹಗ್ಗ ಬಿಚ್ಚಿ, ಸೌದೆಯನ್ನೆಲ್ಲ ಮರದ ಬುಡಕ್ಕೆ ಸುರಿದಳು.

“ಅಣ್ಣನ್ನ ಬಯ್ಬೇಡಿ ಅಮ್ಮೋರೆ. ನಮ್ಮನೇಲಿ ಸೌದೆ ಒಲೇನೇ ಇಲ್ಲ, ನಾನು ಅಡಿಗೆ ಮಾಡೋದು ಗ್ಯಾಸಲ್ಲಿ.”