ಕೈಗೆ ಕೊಡದ ಕತ್ತಿ

ಧಣಿಗಳ ಮೊಮ್ಮಗ ತನ್ನ ಅಜ್ಜ ಕೂಡಿಟ್ಟ ಕತ್ತಿಗಳನ್ನು ತೋರಿಸುತ್ತ, “ಇದೊಂದು ಎಂತದ್ದೂಂತ ಯಾರಿಗೂ ಗೊತ್ತಿಲ್ಲ, ಬೇಟೆಯದ್ದಿರಬೇಕು ಮಾರಾಯ್ರೆ” ಎಂದು ಕಪಾಟಿನಿಂದ ಒಂದನ್ನು ತೆಗೆದ. ಬೇಟೆಯದ್ದಂತೆ! ಜಿಂಕೆಕೊಂಬಿನ ಹಿಡಿಯ ಸೀಳಿನಲ್ಲಿ ಹಲಸಿನ ಮೇಣ ಇನ್ನೂ ಕಪ್ಪಾಗಿ ಅಂಟಿಕೊಂಡಿತ್ತು.

ಗುತ್ತಿಗಾರಿನಲ್ಲಿ ನಾವು ಆ ಧಣಿಗಳ ಗೇಣಿ ಒಕ್ಕಲಾಗಿದ್ದೆವು. ನನ್ನ ಬಾಲ್ಯದ ಒಂದು ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಕೂತು, ಅಲಗಿಗೆ ತೆಂಗಿನೆಣ್ಣೆ ಸವರಿ, ತನ್ನ ಅಪ್ಪ ಕೊಟ್ಟ ಇದೇ ಕತ್ತಿಯಿಂದ ಹಲಸು ಕೊಯ್ಯುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಧಣಿ ಒಳಗೆ ಬಂದರು.

“ಹಿಡಿ ಚಂದ ಉಂಟಲ್ಲ. ಕೊಡು, ನೋಡುವ.”

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅಮ್ಮ ಅದನ್ನು ಒರೆಸಿ ಜಗಲಿಯ ಮೇಲಿಟ್ಟಳು. ಧಣಿ ಎತ್ತಿಕೊಂಡರು, ಹೆಬ್ಬೆರಳಿನಿಂದ ಅಲಗು ಸವರಿದರು, ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇಬಿಟ್ಟರು.

“ಅದು ನಮ್ಮದು!” ಎಂದು ಕಿರುಚಿದ ನನ್ನ ಬಾಯಿಯನ್ನು ಅಮ್ಮನ ಮೇಣದ ಕೈ ಮುಚ್ಚಿತು.

“ಸುಮ್ಮನಿರು. ಅವರ ಹತ್ರ ಜಗಳ ಮಾಡ್ಲಿಕ್ಕೆ ನಮ್ಗೆ ಆಗ್ತದಾ?”

ಮೇಣ ತುಟಿಗೆ ಅಂಟಿತು. ಬಿಡಿಸುವಾಗ ಚರ್ಮವೂ ಕಿತ್ತು ಬಂತು. ಅರ್ಧ ಕೊಯ್ದ ಹಲಸಿಗೆ ಸಂಜೆಯವರೆಗೂ ನೊಣ ಮುತ್ತಿದ್ದವು.

ಮೊಮ್ಮಗ ಕತ್ತಿಯನ್ನು ನನ್ನ ಮುಂದಿನ ಮೇಜಿನ ಮೇಲಿಡಲು ಬಗ್ಗಿದ.

“ಅಲ್ಲಿ ಇಡುದು ಬೇಡ,” ಎಂದೆ. “ನನ್ನ ಕೈಗೇ ಕೊಡು.”