ಪುಸಲಾಯಿಸಿ ಉಣಿಸಿದ್ದು

ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನಿನ್ನೆ ತಾತ ತಟ್ಟೆ ಸರಿಸಿ ಎದ್ದುಹೋದಾಗಿನಿಂದ ಅಜ್ಜಿ ಊಟ ಬಿಟ್ಟಿದ್ದಳು. ಮಗ ಕರೆದರೂ ಸೊಸೆ ಕರೆದರೂ "ಹಸಿವಿಲ್ಲ" ಎಂದಷ್ಟೇ ಉತ್ತರ.

ಮಧ್ಯಾಹ್ನ ಮೊಮ್ಮಗಳೂ ಊಟ ಬೇಡವೆಂದು ಹಟ ಹಿಡಿದಳು. ಅಜ್ಜಿ ಮೊಸರನ್ನ ಕಲಸಿಕೊಂಡು ಬಂದು ಪುಸಲಾಯಿಸತೊಡಗಿದಳು.

"ಕಾಗೆಗೊಂದು ತುತ್ತು ಆಯ್ತು. ಈಗ ನೀನು ಆ ಅನ್ನು, ಬಂಗಾರಿ."

"ನೀನೊಂದು ತುತ್ತು ತಿಂದ್ರೆ ನಾನೊಂದು ತಿಂತೀನಿ."

"ಸರಿಯಮ್ಮ, ತಿಂದೆ ನೋಡು."

"ಅಷ್ಟು ಚಿಕ್ಕದಲ್ಲ, ದೊಡ್ಡ ತುತ್ತು!"

ತಟ್ಟೆ ಖಾಲಿಯಾಯಿತು. "ಅಂತೂ ತಿಂದ್ಲು ನನ್ನ ಹಟಮಾರಿ!" ಎಂದು ಅಜ್ಜಿ ಗೆದ್ದವಳಂತೆ ಕೈ ತೊಳೆಯಲು ಹೋದಳು.

ಮೊಮ್ಮಗಳು ಜಗಲಿಗೆ ಓಡಿ ತಾತನ ಕಿವಿಯಲ್ಲಿ ಹೇಳಿದಳು: "ಅಜ್ಜಿಗೆ ಊಟ ಮಾಡಿಸ್ದೆ ತಾತಾ. ಸಾರು ಚೆನ್ನಾಗಿತ್ತು ಅಂತ ಮಾತ್ರ ನೀನೇ ಹೋಗಿ ಹೇಳು, ಸುಳ್ಳು ಹೇಳಕ್ಕೆ ನಂಗೆ ಬರಲ್ಲ."